ನಿವೃತ್ತರ ನೆನಪಿನಲ್ಲಿ ದೇಶದ ರಾಜಕಾರಣ

ಪಂಜಾಬಿನ ಸಂಗರೂರಿನಿಂದ ಹೊರಟು ರಾಜಸ್ಥಾನ, ಮಧ್ಯಪ್ರದೇಶ, ಮಹಾರಾಷ್ಟ್ರಗಳನ್ನು ಹಾದು, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರಗಳ ಮೂಲಕ ಘಟ್ಟವಿಳಿದು ಬರುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಉತ್ತರ ಕನ್ನಡದ ಅಂಕೋಲೆಯ ಪಕ್ಕದ ಬಾಳೆಗುಳಿಯಲ್ಲಿ ಕೊನೆಗೊಂಡು, ಪನವೇಲಿನಿಂದ ಕನ್ಯಾಕುಮಾರಿಗೆ ಸಾಗುವ 66ನೆಯ ಹೆದ್ದಾರಿಯನ್ನು ಸೇರಿಕೊಳ್ಳುತ್ತದೆ. ಬಾಳೆಗುಳಿ ಕ್ರಾಸ್ ಎಂದೇ ಎಲ್ಲರೂ ಕರೆಯುವ ಈ ಕೂಡುರಸ್ತೆಯ ಆಸುಪಾಸಿನಲ್ಲಿ, ಉತ್ತರಕ್ಕೆ ಕಾರವಾರದವರೆಗೆ ಮತ್ತು ದಕ್ಷಿಣಕ್ಕೆ ಗಂಗಾವಳಿ ನದಿಯವರೆಗೆ ಹಬ್ಬಿರುವ ಊರುಗಳಲ್ಲಿ ನೆಲೆಸಿರುವ ನಿವೃತ್ತರ ಪಾಲಿಗೆ ರಾಷ್ಟ್ರ ರಾಜಕಾರಣವೆಂಬುದು ದೂರದ ದೆಹಲಿಯ ಸುದ್ದಿಯಾಗಿ ಉಳಿದಿಲ್ಲ. ಅದು ಗದ್ದೆಯ ಅಂಚಿಗೆ, ಬ್ಯಾಂಕಿನ ಪಾಸ್‌ಬುಕ್ಕಿಗೆ, ಔಷಧದ ಖರ್ಚಿಗೆ, ಮಳೆಗಾಲದ ರಾತ್ರಿಯ ಭಯಕ್ಕೆ ನೇರವಾಗಿ ತಾಗಿಕೊಂಡಿರುವ ಸಂಗತಿಯಾಗಿದೆ.

ಈ ಭಾಗದ ನಿವೃತ್ತರಲ್ಲಿ ಶಾಲಾ ಮಾಸ್ತರರಿದ್ದಾರೆ, ಅಂಚೆ, ಬ್ಯಾಂಕು, ಕಂದಾಯ, ಅರಣ್ಯ ಮತ್ತು ಸಾರಿಗೆ ಇಲಾಖೆಗಳಲ್ಲಿ ದುಡಿದವರಿದ್ದಾರೆ, ಕದ್ರಾ ಮತ್ತು ಕೊಡಸಳ್ಳಿ ಅಣೆಕಟ್ಟುಗಳಲ್ಲೋ ಕೈಗಾ ಅಣುವಿದ್ಯುತ್ ಸ್ಥಾವರದಲ್ಲೋ ಕೆಲಸ ಮಾಡಿದವರಿದ್ದಾರೆ, ಮುಂಬಯಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದು ಊರಿಗೆ ಮರಳಿದವರೂ ಇದ್ದಾರೆ. ಇವರು ಒಬ್ಬರಿಗೊಬ್ಬರು ಎದುರಾದಾಗ ನಡೆಯುವ ಮಾತಿನಲ್ಲಿ ಚುನಾವಣೆ, ತುಟ್ಟಿಭತ್ಯೆ, ಸಕ್ಕರೆ ಕಾಯಿಲೆ, ಬೆಂಗಳೂರಿನಲ್ಲಿರುವ ಮಗ, ಹೆದ್ದಾರಿಯ ಅಗಲೀಕರಣ ಎಲ್ಲವೂ ಒಂದೇ ಎಳೆಯಲ್ಲಿ ಬರುತ್ತವೆ. ಇದನ್ನು ಕಾಲಹರಣದ ಹರಟೆಯೆಂದು ತಳ್ಳಿಹಾಕುವ ರೂಢಿಯಿದೆಯಾದರೂ ಆ ತೀರ್ಮಾನ ಸರಿಯಲ್ಲ. ಸರ್ಕಾರಗಳ ಆಯುಷ್ಯ ಐದು ವರ್ಷವಾದರೆ, ಅವು ಕೊಟ್ಟ ಮಾತುಗಳ ಆಯುಷ್ಯ ಮೂವತ್ತು–ನಲವತ್ತು ವರ್ಷಗಳದ್ದಾಗಿರುವುದರಿಂದ, ಆ ಮಾತು ಹುಟ್ಟಿದ ದಿನವನ್ನೂ ಅದರ ಇಂದಿನ ಸ್ಥಿತಿಯನ್ನೂ ಒಟ್ಟಿಗೆ ಕಂಡವರು ನಿವೃತ್ತರು ಮಾತ್ರ. ಪ್ರಜಾಪ್ರಭುತ್ವಕ್ಕೆ ಅವರು ಸಲ್ಲಿಸಬಲ್ಲ ವಿಶಿಷ್ಟ ಸೇವೆಯಿರುವುದು ಈ ನೆನಪಿನಲ್ಲಿಯೇ.

ಇಂದು ಎಂಬತ್ತರ ಆಸುಪಾಸಿನಲ್ಲಿರುವವರು ಹುಟ್ಟಿದಾಗ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅವರು ಶಾಲಾ ಬಾಲಕರು. ಅವರ ತಂದೆತಾಯಿಯರ ಪೀಳಿಗೆಗೆ 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹವೂ, ಅದರ ಬೆನ್ನಿಗೆ 1932ರಲ್ಲಿ ನಡೆದ ಕರನಿರಾಕರಣೆಯೂ ಕಣ್ಣಾರೆ ಕಂಡ ಘಟನೆಗಳಾಗಿದ್ದವು. ಕರನಿರಾಕರಣೆಯೆಂದರೆ ಭೂಮಿಯ ಕಂದಾಯವನ್ನು ಬೇಕೆಂದೇ ಕಟ್ಟದೆ, ಅದರ ಫಲವಾಗಿ ಬರುವ ಜಪ್ತಿಯನ್ನೂ ಜೈಲುವಾಸವನ್ನೂ ಪ್ರತಿಭಟಿಸದೆ ಅನುಭವಿಸುವ ಹೋರಾಟ. ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳ ರೈತರು ಇದರಲ್ಲಿ ಹೊಲ, ಮನೆ, ದನಕರು, ಪಾತ್ರೆಪಗಡಗಳನ್ನು ಕಳೆದುಕೊಂಡರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರಕ್ಕೆ ಬಂದ ಮೇಲೆಯೇ ಜಪ್ತಿಯಾದ ಭೂಮಿ ಹಿಂತಿರುಗುವ ದಾರಿ ತೆರೆಯಿತು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ನೆನಪಿನಲ್ಲಿ ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆಯುವುದು ಈ ಹೋರಾಟದ ಕಾರಣಕ್ಕೆ. ದೇಶದ ರಾಜಕೀಯಕ್ಕಾಗಿ ಅಡುಗೆಮನೆಯ ತಪ್ಪಲೆಯನ್ನೂ ಬಿಟ್ಟುಕೊಟ್ಟವರ ಮಕ್ಕಳಿಗೆ ರಾಜಕೀಯವನ್ನೂ ನಿತ್ಯಜೀವನವನ್ನೂ ಬೇರೆಬೇರೆಯಾಗಿ ಎಣಿಸುವ ಅಭ್ಯಾಸ ಬೆಳೆಯದೇ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಗ ಮತದಾನದ ವಯಸ್ಸು 21 ಆಗಿದ್ದುದರಿಂದ, ಈ ಮಕ್ಕಳ ಪೀಳಿಗೆಯ ಅನೇಕರು ಮೊದಲ ಬಾರಿ ಮತ ಹಾಕಿದ್ದು 1967ರ ಚುನಾವಣೆಯಲ್ಲಿ. ಮೊದಲ ಮೂರು ಮಹಾಚುನಾವಣೆಗಳಲ್ಲಿ ಜೋಕಿಮ್ ಆಳ್ವರನ್ನು ಕಳುಹಿಸಿದ್ದ ಕೆನರಾ ಲೋಕಸಭಾ ಕ್ಷೇತ್ರ, ಆ ವರ್ಷ ಪಕ್ಷೇತರ ಅಭ್ಯರ್ಥಿ ದಿನಕರ ದೇಸಾಯಿಯವರನ್ನು ಆರಿಸಿತು. 1909ರಲ್ಲಿ ಹುಟ್ಟಿದ ದೇಸಾಯಿಯವರು ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿ ದುಡಿದವರು. ಗೇಣಿದಾರ ರೈತರನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷ್ ಆಡಳಿತದಿಂದ ಜಿಲ್ಲೆಯಿಂದಲೇ ಗಡೀಪಾರಾದವರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಪ್ರೌಢಶಾಲೆಗಳನ್ನೂ, ಮುಂದೆ ಅಂಕೋಲೆಯ ಗೋಖಲೆ ಸೆಂಟೆನರಿ ಕಾಲೇಜನ್ನೂ ಕಟ್ಟಿದವರು. ಇಂದು ಪಿಂಚಣಿ ಪಡೆಯುತ್ತಿರುವ ಈ ಭಾಗದ ಎಷ್ಟೋ ಶಿಕ್ಷಕರು ಆ ಶಾಲೆಗಳಲ್ಲಿಯೇ ಓದಿದವರು, ಅಲ್ಲಿಯೇ ಕಲಿಸಿದವರು. ನಾಲ್ಕು ಸಾಲಿನ ಚುಟುಕವೆಂಬ ಸಣ್ಣ ಪದ್ಯಪ್ರಕಾರದಲ್ಲಿ ದೇಸಾಯಿಯವರು ಮಂತ್ರಿ, ಮತದಾರ, ಗಂಜಿ, ಬಡ್ಡಿ, ಬೆಲೆಯೇರಿಕೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ಗಂಗಾವಳಿಯ ಆಚೆ ದಡದ ಗೋಕರ್ಣದಲ್ಲಿ, ಭದ್ರಕಾಳಿ ಪ್ರೌಢಶಾಲೆಯ ಶಿಕ್ಷಕರಾಗಿದ್ದ ಗೌರೀಶ ಕಾಯ್ಕಿಣಿಯವರು ಎಂ.ಎನ್. ರಾಯ್ ಅವರ ಮಾನವತಾವಾದದ ಪ್ರಭಾವಕ್ಕೊಳಗಾಗಿ, ನಿವೃತ್ತಿಯ ನಂತರವೂ 2002ರಲ್ಲಿ ತೀರಿಕೊಳ್ಳುವವರೆಗೆ ಪುಟ್ಟ ಊರಿನಲ್ಲಿ ಕುಳಿತೇ ಜಗತ್ತಿನ ವಿಚಾರಗಳನ್ನು ಕನ್ನಡಕ್ಕೆ ತಂದರು. ಸೇವೆಯಿಂದ ಬಿಡುಗಡೆಯಾದ ವ್ಯಕ್ತಿ ಸಾರ್ವಜನಿಕ ಚಿಂತನೆಯಿಂದ ಬಿಡುಗಡೆ ಪಡೆಯಬೇಕಿಲ್ಲವೆಂಬುದಕ್ಕೆ ಈ ನೆಲದಲ್ಲಿ ಮೇಲ್ಪಂಕ್ತಿಯಿತ್ತು.

ನಿವೃತ್ತರ ವಿಚಾರಗಳು ಹೆಚ್ಚು ಹರಿತವಾಗುವುದು ಪಿಂಚಣಿಯ ವಿಷಯ ಬಂದಾಗ. ಅಲ್ಲಿಯೇ ಅವು ಹೆಚ್ಚು ಗೋಜಲಾಗುವುದೂ ಉಂಟು. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಪಿಂಚಣಿಯು ಸರ್ಕಾರದ ದಯೆಯಿಂದ ಸಿಗುವ ದಾನವಲ್ಲ, ದುಡಿದ ದಿನಗಳಿಗೆ ಸಲ್ಲಬೇಕಾದ ಹಕ್ಕು ಎಂದು ತೀರ್ಪಿತ್ತು, ನಿವೃತ್ತಿಯ ದಿನಾಂಕವೊಂದನ್ನೇ ಹಿಡಿದು ಪಿಂಚಣಿದಾರರನ್ನು ಮನಬಂದಂತೆ ಎರಡು ಗುಂಪಾಗಿ ಒಡೆಯಬಾರದೆಂದು ಹೇಳಿತು. ಆ ದಿನವನ್ನು ದೇಶದ ಪಿಂಚಣಿದಾರರು ಇಂದಿಗೂ ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆ. ಆದರೆ 2004ರ ಜನವರಿ 1ರಿಂದ ಕೇಂದ್ರ ಸರ್ಕಾರದ, 2006ರ ಏಪ್ರಿಲ್ 1ರಿಂದ ಕರ್ನಾಟಕ ಸರ್ಕಾರದ ಸೇವೆಗೆ ಸೇರಿದವರಿಗೆ ಹೊಸ ಪದ್ಧತಿ ಜಾರಿಗೆ ಬಂದು, ನೌಕರಿಗೆ ಸೇರಿದ ದಿನಾಂಕದ ಮೇಲೆ ಇನ್ನೊಂದು ಗೆರೆ ಎಳೆಯಲಾಯಿತು. ಹಳೆಯ ಪದ್ಧತಿಯಲ್ಲಿ ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿಯೂ, ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚುವ ತುಟ್ಟಿಭತ್ಯೆಯೂ ಖಚಿತ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯೆಂದು ಕರೆಯಲಾಗುವ ಹೊಸ ಪದ್ಧತಿಯಲ್ಲಿ ನೌಕರನ ಸಂಬಳದ ಒಂದು ಪಾಲು ಮತ್ತು ಸರ್ಕಾರದ ಪಾಲು ಸೇರಿ ಮಾರುಕಟ್ಟೆಯಲ್ಲಿ ಹೂಡಿಕೆಯಾಗುತ್ತವೆ, ಕೊನೆಗೆ ಎಷ್ಟು ಸಿಗುವುದೆಂಬುದು ಆ ಹೂಡಿಕೆ ಎಷ್ಟು ಬೆಳೆಯಿತೆಂಬುದರ ಮೇಲೆ ನಿಂತಿದೆ. ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿದವರಿಗೆ ಅರ್ಧ ವೇತನದ ಭರವಸೆ ಕೊಡುವ ಏಕೀಕೃತ ಪಿಂಚಣಿ ಯೋಜನೆಯನ್ನು ಕೇಂದ್ರವು 2025ರ ಏಪ್ರಿಲ್ 1ರಿಂದ ಜಾರಿಗೆ ತಂದಿರುವುದೂ, ಆ ಗೆರೆ ತಂದ ಅಸಮಾಧಾನ ಆರಲಿಲ್ಲವೆಂಬುದನ್ನೇ ತೋರಿಸುತ್ತದೆ. ಕಾರ್ಖಾನೆ, ಸಹಕಾರಿ ಸಂಘ ಮತ್ತು ಖಾಸಗಿ ಸಂಸ್ಥೆಗಳಲ್ಲಿ ದುಡಿದವರ ಸ್ಥಿತಿ ಇದಕ್ಕಿಂತ ಕಠಿಣ. 1995ರ ನೌಕರರ ಪಿಂಚಣಿ ಯೋಜನೆಯಡಿ ಅವರಿಗೆ ಸಿಗುವ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಪಡಿಸಲಾಯಿತು, ಅದರ ಏರಿಕೆಗಾಗಿ ಅವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಒಂದೇ ಕೇರಿಯ ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರು ನಿಶ್ಚಿಂತೆಯಿಂದ ದೇಶದ ಭವಿಷ್ಯವನ್ನು ಚರ್ಚಿಸುವಾಗ ಇನ್ನೊಬ್ಬರು ರಕ್ತದೊತ್ತಡದ ಮಾತ್ರೆಯ ಬೆಲೆ ಲೆಕ್ಕಹಾಕುತ್ತಾರೆಂದರೆ, ಅದು ಅವರ ಸ್ವಭಾವದ ವ್ಯತ್ಯಾಸವಲ್ಲ, ನೀತಿಯ ಫಲ.

ಬ್ಯಾಂಕಿನ ವ್ಯವಹಾರವೂ ಇದೇ ಬಗೆಯ ಪಾಠ. ಕರಾವಳಿಯ ಹಿರಿಯರು ನೆಚ್ಚಿಕೊಂಡಿದ್ದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಖಾತೆಯ ವಿವರ, ಚೆಕ್‌ಪುಸ್ತಕ, ಶಾಖೆಯ ಹೆಸರು ಬದಲಾದವು. ಅದೇ ವರ್ಷದ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಅಲ್ಪಾವಧಿ ಸಾಲ ಕೊಡುವ ಬಡ್ಡಿದರವನ್ನು, ಶೇಕಡಾ 4ಕ್ಕೆ ಇಳಿಸಿ ಎರಡು ವರ್ಷ ಅಲ್ಲಿಯೇ ಉಳಿಸಿತು. ಈ ದರ ಇಳಿದರೆ ನಗರದಲ್ಲಿ ಮನೆಸಾಲ ತೀರಿಸುತ್ತಿರುವ ಮಗನ ಕಂತು ಹಗುರವಾಗುತ್ತದೆ, ಊರಿನಲ್ಲಿ ಠೇವಣಿಯ ಬಡ್ಡಿಯಿಂದ ಬದುಕುವ ತಂದೆಯ ಆದಾಯ ಕುಗ್ಗುತ್ತದೆ. ಒಂದೇ ಮನೆಯೊಳಗೆ ಎರಡು ಪೀಳಿಗೆಗಳ ಹಿತ ಹೀಗೆ ಎದುರುಬದುರಾಗುವುದನ್ನು ಅರ್ಥಶಾಸ್ತ್ರದ ಪುಸ್ತಕ ಓದದೆಯೇ ನಿವೃತ್ತರು ಬಲ್ಲರು. ಹಿರಿಯ ನಾಗರಿಕರಿಗೆ ರೈಲ್ವೆ ಕೊಡುತ್ತಿದ್ದ ಟಿಕೆಟ್ ರಿಯಾಯಿತಿ, ಪುರುಷರಿಗೆ ಶೇಕಡಾ 40, ಮಹಿಳೆಯರಿಗೆ ಶೇಕಡಾ 50, 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ನಿಂತದ್ದು ರೋಗ ಇಳಿದ ಮೇಲೂ ಮರಳಲಿಲ್ಲ. ಇನ್ನೊಂದೆಡೆ 70 ತುಂಬಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ್ ಅಡಿಯಲ್ಲಿ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯನ್ನು 2024ರ ಅಕ್ಟೋಬರ್‌ನಲ್ಲಿ ಜಾರಿಗೆ ತರಲಾಯಿತು. ಆದರೆ ಗಂಭೀರ ಕಾಯಿಲೆ ಬಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕಾದ ಜಿಲ್ಲೆಯಲ್ಲಿ ಕಾರ್ಡಿನಷ್ಟೇ ಮುಖ್ಯವಾದದ್ದು ಆಸ್ಪತ್ರೆ. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ಉತ್ತರ ಕನ್ನಡದ ಜನ ದೊಡ್ಡ ದನಿಯಲ್ಲಿ ಒತ್ತಾಯಿಸಿದ್ದು ಇದೇ ಸಂಕಟದಿಂದ.

ಇವೆಲ್ಲ ದೇಶದ ಯಾವ ಊರಿನ ನಿವೃತ್ತರೂ ಹೇಳಬಹುದಾದ ಮಾತುಗಳು. ಬಾಳೆಗುಳಿಯ ಸುತ್ತಿನ ಹಿರಿಯರ ನೆನಪಿಗೆ ಮಾತ್ರ ಸೇರಿದ ಅಧ್ಯಾಯಗಳು ಬೇರೆ ಇವೆ. ಅವುಗಳಲ್ಲಿ ಅದಿರಿನದು ಅತ್ಯಂತ ಕಹಿಯಾದದ್ದು. ಈಗ 52 ಎಂಬ ಸಂಖ್ಯೆ ಪಡೆದಿರುವ ರಸ್ತೆ ಆಗ 63ನೆಯ ಹೆದ್ದಾರಿಯ ಭಾಗವಾಗಿದ್ದು, ಬಳ್ಳಾರಿ ಮತ್ತು ಹೊಸಪೇಟೆಗಳನ್ನು ಅಂಕೋಲೆಯೊಂದಿಗೆ ಬೆಸೆಯುತ್ತಿತ್ತು. 2000ದ ದಶಕದಲ್ಲಿ ಚೀನಾದ ಉಕ್ಕಿನ ಬೇಡಿಕೆ ಏರಿ, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮೊದಲಿನ ವರ್ಷಗಳಲ್ಲಿ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿದಾಗ, ಅದಿರು ತುಂಬಿದ ಲಾರಿಗಳ ಸಾಲುಸಾಲು ಅರಬೈಲ್ ಘಟ್ಟವಿಳಿದು ಬಾಳೆಗುಳಿಯ ಮೂಲಕ ಬೇಲೇಕೇರಿ ಬಂದರಿನತ್ತ ಸಾಗಿತು. ರಸ್ತೆ ಕಿತ್ತುಹೋಗಿ, ಕೆಂಪು ಧೂಳು ಗಿಡಮರ, ಮನೆಯ ಹಂಚು, ಒಣಹಾಕಿದ ಬಟ್ಟೆಗಳ ಮೇಲೆಲ್ಲ ಕುಳಿತು, ಅಪಘಾತಗಳು ನಿತ್ಯದ ಸುದ್ದಿಯಾದವು. ಅಕ್ರಮ ಸಾಗಣೆಯೆಂದು ಜಪ್ತಿ ಮಾಡಿ ಬೇಲೇಕೇರಿಯಲ್ಲಿ ಇಡಲಾಗಿದ್ದ ಅದಿರಿನ ದೊಡ್ಡ ಭಾಗ 2010ರಲ್ಲಿ ಕಾಣೆಯಾಗಿ ರಾಜ್ಯವೇ ಬೆಚ್ಚಿತು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2011ರ ಜುಲೈನಲ್ಲಿ ಸಲ್ಲಿಸಿದ ವರದಿಯ ಬಳಿಕ ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಬೀಜಿಂಗಿನ ಕ್ರೀಡಾಂಗಣ, ಬಳ್ಳಾರಿಯ ಗಣಿ, ಬೆಂಗಳೂರಿನ ವಿಧಾನಸೌಧ, ಬಾಳೆಗುಳಿಯ ಧೂಳು ಇವು ನಾಲ್ಕೂ ಒಂದೇ ಸರಪಳಿಯ ಕೊಂಡಿಗಳೆಂಬುದನ್ನು ಈ ರಸ್ತೆಬದಿಯ ಜನ ಉಸಿರಾಟದಲ್ಲಿಯೇ ಅರಿತರು. ಆ ವರ್ಷಗಳಲ್ಲಿ ಲಾರಿ, ಗ್ಯಾರೇಜು, ಊಟದ ಹೋಟೆಲುಗಳಿಂದ ಅನೇಕ ಯುವಕರಿಗೆ ದುಡಿಮೆ ಸಿಕ್ಕಿತ್ತೆಂಬುದೂ ಸತ್ಯವೇ. ಗಣಿ ನಿಂತಾಗ ಲಾರಿಯ ಸಾಲ ಉಳಿದುಕೊಂಡಿತು.

ಅದಿರಿಗಿಂತ ಉದ್ದವಾದದ್ದು ನೌಕಾನೆಲೆಯ ಕತೆ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಕಾರವಾರದ ಬಳಿಯ ಅರ್ಗಾದಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲಿಟ್ಟರು. ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ನಡುವಿನ ಎರಡು ದಶಕಗಳಲ್ಲಿ ಕಾರವಾರ–ಅಂಕೋಲೆ ನಡುವಿನ ಕಡಲತಡಿಯ ಸಾವಿರಾರು ಕುಟುಂಬಗಳು ಮನೆ, ತೆಂಗಿನ ತೋಟ, ದೋಣಿ ಎಳೆಯುವ ಮರಳದಂಡೆಗಳನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದವು. ಭೂಮಿಗೆ ಸಿಕ್ಕ ಪರಿಹಾರ ಕಡಿಮೆಯಾಯಿತೆಂದು ಹೂಡಿದ ದಾವೆಗಳು ಕೋರ್ಟಿನಿಂದ ಕೋರ್ಟಿಗೆ ದಶಕಗಳ ಕಾಲ ನಡೆದವು. ದೇಶದ ರಕ್ಷಣೆಗೆ ನೌಕಾನೆಲೆ ಬೇಕೆಂಬುದನ್ನು ಇಲ್ಲಿನ ಹಿರಿಯರಲ್ಲಿ ಅಲ್ಲಗಳೆಯುವವರು ವಿರಳ. ಆದರೆ ದೇಶಕ್ಕಾಗಿ ತ್ಯಾಗ ಮಾಡಿದವರ ಮುಪ್ಪು ಕೋರ್ಟಿನ ಕಟಕಟೆಯಲ್ಲಿ ಸವೆಯಬೇಕಿರಲಿಲ್ಲ ಎಂಬ ಅವರ ನೋವು ನ್ಯಾಯವಾದದ್ದು, ಅದಕ್ಕೆ ಯಾವ ಪಕ್ಷದ ಬಣ್ಣವೂ ಇಲ್ಲ.

ರೈಲಿನ ವಿಷಯದಲ್ಲಿ ಇದೇ ಪೀಳಿಗೆ ಎರಡು ಬಗೆಯ ಅನುಭವ ಪಡೆಯಿತು. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮವು, ಸುರಂಗ ಮತ್ತು ಸೇತುವೆಗಳಿಂದ ತುಂಬಿದ ಸುಮಾರು 760 ಕಿಲೋಮೀಟರ್ ಮಾರ್ಗವನ್ನು 1998ರ ಜನವರಿ ವೇಳೆಗೆ ಪೂರ್ತಿಗೊಳಿಸಿ, ಮುಂಬಯಿಗೆ ಹೋಗಲು ಬಸ್ಸಿನಲ್ಲಿ ನರಳುತ್ತಿದ್ದವರ ಬದುಕನ್ನೇ ಬದಲಿಸಿತು. 1990ರ ದಶಕದ ಕೊನೆಯಲ್ಲಿಯೇ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಮಾತ್ರ ಪಶ್ಚಿಮ ಘಟ್ಟದ ದಟ್ಟ ಕಾಡಿನ ಪ್ರಶ್ನೆಯಲ್ಲಿ ಸಿಲುಕಿ, ಚುನಾವಣೆಯಿಂದ ಚುನಾವಣೆಗೆ ಭರವಸೆಯಾಗಿಯೇ ಉಳಿದಿದೆ. ಕಾಡು ಉಳಿಯಬೇಕೆಂಬವರ ವಾದವೂ, ರೈಲು ಬೇಕೆಂಬವರ ಬೇಡಿಕೆಯೂ ತೂಕವುಳ್ಳವು. ಆದರೆ ಆಗುತ್ತದೆ ಎಂದೂ ಆಗದು ಎಂದೂ ನಿಚ್ಚಳವಾಗಿ ಹೇಳದೆ ಒಂದು ಪೀಳಿಗೆಯನ್ನು ಕಾಯಿಸುವುದು ರಾಜಕೀಯದ ಪ್ರಾಮಾಣಿಕತೆಗೆ ತಕ್ಕದ್ದಲ್ಲ.

ಈ ನೆನಪಿನ ಇತ್ತೀಚಿನ ಅಧ್ಯಾಯ ಗುಡ್ಡ ಕುಸಿತದ್ದು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ 66ನೆಯ ಹೆದ್ದಾರಿಯ ಮಗ್ಗುಲಿನ ಗುಡ್ಡ ಕುಸಿದು, ರಸ್ತೆಬದಿಯ ಹೋಟೆಲನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ನದಿಯ ನೀರು ಉಕ್ಕಿ ಎದುರು ದಡದ ಉಳುವರೆಯ ಮನೆಗಳಿಗೂ ಬಡಿಯಿತು. 11 ಜನ ಬಲಿಯಾದರು. ಕೇರಳದ ಲಾರಿಯೊಂದನ್ನು ನದಿಯ ತಳದಿಂದ ಮೇಲೆತ್ತಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಜಂಬಿಟ್ಟಿಗೆಯ ಪದರದ ಕೆಳಗೆ ಮೆದು ಜೇಡಿಯಿರುವ ಕರಾವಳಿಯ ಗುಡ್ಡಗಳಲ್ಲಿ ಬುಡವನ್ನು ಕಡಿದಾಗಿ ಕತ್ತರಿಸಿದರೆ, ಸತತ ಮಳೆಯ ನೀರು ಒಳಗಿಳಿದು ಮಣ್ಣಿನ ಹಿಡಿತ ಸಡಿಲಿಸಿ ಮೇಲ್ಭಾಗವನ್ನು ಜಾರಿಸುತ್ತದೆ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದ ಬಳಿ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಮರೆಯದಿದ್ದ ಹಿರಿಯರಿಗೆ ಶಿರೂರು ಅನಿರೀಕ್ಷಿತ ಪ್ರಕೃತಿ ವಿಕೋಪವಾಗಿ ಕಾಣಲಿಲ್ಲ. ಕಡತಗಳಲ್ಲಿರುವ ಎಚ್ಚರಿಕೆ ಅಧಿಕಾರಿಯ ವರ್ಗಾವಣೆಯೊಂದಿಗೆ ಮರೆಯಾಗಬಹುದು, ಊರಿನಲ್ಲಿಯೇ ಉಳಿದವರ ನೆನಪು ಹಾಗಲ್ಲ.

ಇಷ್ಟಾದರೂ ನಿವೃತ್ತಿಯೆಂಬುದೇ ಎಲ್ಲರಿಗೂ ದಕ್ಕುವ ಭಾಗ್ಯವಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೆ, ಹಾಲಕ್ಕಿ ಒಕ್ಕಲಿಗರ ಕೊಪ್ಪದಿಂದ ಸೊಪ್ಪು ತರಕಾರಿ ತಂದು ಅಂಕೋಲೆಯ ಪೇಟೆಯಲ್ಲಿ ಕೂರುವ ಮುದುಕಿಗೆ, ಗಜನಿ ಎಂದು ಕರೆಯುವ ಉಪ್ಪುನೀರಿನ ಗದ್ದೆಯಲ್ಲಿ ದುಡಿದ ಕೂಲಿಯಾಳಿಗೆ ಅರವತ್ತನೆಯ ವಯಸ್ಸು ಯಾವ ಬಿಡುವನ್ನೂ ತರುವುದಿಲ್ಲ. ಬಡತನ ರೇಖೆಯ ಕೆಳಗಿನ 60ರಿಂದ 79 ವರ್ಷದವರಿಗೆ ಕೇಂದ್ರವು ಇಂದಿರಾಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಡಿ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ, 80 ತುಂಬಿದವರಿಗೆ 500 ರೂಪಾಯಿ. ರಾಜ್ಯ ಸರ್ಕಾರ ತನ್ನ ಹಣ ಸೇರಿಸುವುದರಿಂದ ಮಾತ್ರ ಅದು ಲೆಕ್ಕಕ್ಕೆ ಬರುವ ಮೊತ್ತವಾಗುತ್ತದೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದು, ತಡವಾಗಿ ಕಾಯಂ ಆಗಿ, ನಿವೃತ್ತರಾದ ಬಳಿಕವೂ ಬೀಜ ಆಯ್ದು ಸಸಿ ಬೆಳೆಸುವುದನ್ನು ಬಿಡಲಿಲ್ಲ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹಾಡುಗಳ ಭಂಡಾರವಾಗಿದ್ದುಕೊಂಡೇ ಸಾರಾಯಿಯ ವಿರುದ್ಧ ಹೆಂಗಸರೊಡನೆ ಬೀದಿಗಿಳಿದರು. ಇಬ್ಬರಿಗೂ ಪದ್ಮಶ್ರೀ ಬಂದಿತು. ತುಳಸಿ ಗೌಡರು 2024ರ ಡಿಸೆಂಬರ್‌ನಲ್ಲಿ, ಸುಕ್ರಿಯವರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಈ ಇಬ್ಬರು ಮಹಿಳೆಯರ ಬದುಕನ್ನು ಬದಿಗಿಟ್ಟು, ಪತ್ರಿಕೆ ಓದಿ ಅಭಿಪ್ರಾಯ ಹೇಳುವ ಪಿಂಚಣಿದಾರ ಗಂಡಸರನ್ನು ಮಾತ್ರ ಹಿರಿಯರ ದನಿಯೆಂದು ಎಣಿಸುವುದು ಈ ತಾಲೂಕಿನ ಮಟ್ಟಿಗಂತೂ ದೊಡ್ಡ ಅನ್ಯಾಯ.

ನೆನಪಿಗೆ ತನ್ನದೇ ದೋಷಗಳೂ ಇವೆ. ಹಿಂದಿನ ಕಾಲವೆಲ್ಲ ಚೊಕ್ಕವಾಗಿತ್ತೆಂಬ ಭಾವನೆ, ಗೇಣಿದಾರನ ಬವಣೆಯನ್ನೂ ಜಾತಿಯ ಕಟ್ಟನ್ನೂ ಮರೆಸಿಬಿಡುತ್ತದೆ. ಮೊಬೈಲಿನಲ್ಲಿ ಬಂದ ಆಧಾರವಿಲ್ಲದ ಸಂದೇಶವನ್ನು ಕಣ್ಣಾರೆ ಕಂಡದ್ದರಷ್ಟೇ ನಂಬಿ ಹಂಚುವ ಚಾಳಿ ಹಿರಿಯರಲ್ಲಿಯೂ ಬೇರೂರಿದೆ. ಆದ್ದರಿಂದ ನಿವೃತ್ತರ ಮಾತಿಗೆ ಬಲ ಬರಬೇಕಾದರೆ ಅದು ದಿನಾಂಕ, ಕಾಗದ, ಸ್ಥಳಗಳ ಸಮೇತ ದಾಖಲೆಗೆ ಏರಬೇಕು. ಅದಕ್ಕೆ ಕಾನೂನಿನಲ್ಲಿಯೇ ಅವಕಾಶವಿದೆ. ಅಂಕೋಲೆಯ ಕೇಣಿಯಲ್ಲಿ ದೊಡ್ಡ ವಾಣಿಜ್ಯ ಬಂದರು, ಅಲಗೇರಿಯಲ್ಲಿ ನಾಗರಿಕ ವಿಮಾನ ನಿಲ್ದಾಣ ಎಂದು ಹೊಸ ಯೋಜನೆಗಳು ಈಗ ಮುಂದೆ ಬಂದು, ಮೀನುಗಾರರೂ ರೈತರೂ ತಮ್ಮ ಆತಂಕವನ್ನು ಹೇಳುತ್ತಿದ್ದಾರೆ. ಕೇಂದ್ರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಇಂಥ ದೊಡ್ಡ ಯೋಜನೆಗಳಿಗೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕಾಗಿದ್ದು, ಅದಕ್ಕೆ ಕನಿಷ್ಠ 30 ದಿನಗಳ ಮುಂಚೆ ಪ್ರಕಟಣೆ ಹೊರಡಿಸಬೇಕು, ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕು, ಸಭೆಯ ನಡಾವಳಿಯನ್ನು ಬರೆದು ಅಲ್ಲಿಯೇ ಓದಿಹೇಳಬೇಕು. ಸೀಬರ್ಡ್‌ಗೆ ಭೂಮಿ ಹೋದಾಗ ಏನು ಹೇಳಲಾಗಿತ್ತು, ಎಷ್ಟು ಸಿಕ್ಕಿತು, ಎಂದು ಸಿಕ್ಕಿತು, ಅದಿರಿನ ವರ್ಷಗಳಲ್ಲಿ ಬೇಲೇಕೇರಿಯ ಮೀನುಗಾರಿಕೆ ಏನಾಯಿತು, ಗುಡ್ಡ ಎಲ್ಲೆಲ್ಲಿ ಎಂದೆಂದು ಜಾರಿತು ಎಂಬುದನ್ನು ಹಿರಿಯರು ಆ ಸಭೆಗೆ ಬರವಣಿಗೆಯಲ್ಲಿ ಸಲ್ಲಿಸಿದರೆ, ಯೋಜನೆಯವರು ಅದಕ್ಕೆ ಅಂತಿಮ ವರದಿಯಲ್ಲಿ ಉತ್ತರ ಕೊಡಲೇಬೇಕಾಗುತ್ತದೆ.